ಸಿ ಅಂದರೆ ಬಿಸಿ

ನಮ್ಮ ಅತಿಥಿಗಳ ಬಚ್ಚಲಿನಲ್ಲಿ ಎರಡು ಹಿತ್ತಾಳೆ ನಲ್ಲಿಗಳಿವೆ. ಒಂದರ ನೆತ್ತಿಯ ಮೇಲೆ ಇಂಗ್ಲಿಷಿನ ‘ಸಿ’, ಇನ್ನೊಂದರ ಮೇಲೆ ‘ಎಚ್’. ಮನೆಯ ಎರಡು ಕೋಣೆಗಳನ್ನು ಹೋಂಸ್ಟೇ ಮಾಡುವುದೆಂದು ನಿಶ್ಚಯಿಸಿದ ವರ್ಷ ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಚೌಕಾಸಿ ಮಾಡಿ ತಂದವು. ಕೆಂಪು ಚುಕ್ಕೆ, ನೀಲಿ ಚುಕ್ಕೆಯ ಸ್ಟೀಲು ನಲ್ಲಿ ಸಾಕು ಎಂದು ಹೆಂಡತಿ ಆಗಲೇ ಹೇಳಿದ್ದಳು. ನನಗೆ ಅಂದದ ಹುಚ್ಚು. ಹತ್ತು ವರ್ಷ ಆ ನಲ್ಲಿಗಳು ಯಾರಿಗೂ ದ್ರೋಹ ಮಾಡಲಿಲ್ಲ. ಕಳೆದ ಡಿಸೆಂಬರಿನಲ್ಲಿ ಸ್ಪೇನಿನ ವೆಲೆನ್ಸಿಯಾದಿಂದ ಗಂಡ ಹೆಂಡತಿ ಬಂದಿಳಿದರು. ಮಾರನೆಯ ಬೆಳಿಗ್ಗೆ ಆರೂವರೆಗೆ ಬಚ್ಚಲಿನಿಂದ ಒಂದು ಕೂಗು ಕೇಳಿಸಿತು.

ಸಾಧಾರಣ ಕೂಗಲ್ಲ. ಹಾವು ಹೊಕ್ಕಿರಬೇಕು ಎಂದು ನಾನು ದೊಣ್ಣೆ ಹುಡುಕಿಕೊಂಡು ಓಡಿದೆ. ಬಾಗಿಲು ತೆರೆದಾಗ ಆ ಮನುಷ್ಯ ಟವೆಲು ಸುತ್ತಿಕೊಂಡು, ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ, ಹಲ್ಲು ಕಟಕಟ ಕಡಿಯುತ್ತ ನಿಂತಿದ್ದ. ಮಡಿಕೇರಿ ಸೀಮೆಯಲ್ಲಿ ರಾತ್ರಿಯಿಡೀ ಹೊರಗಿನ ತೊಟ್ಟಿಯಲ್ಲಿ ಬಿದ್ದುಕೊಂಡಿದ್ದ ನೀರು ಡಿಸೆಂಬರಿನ ಬೆಳಿಗ್ಗೆ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಅವನು ನಡುಗುವ ಬೆರಳಿನಿಂದ ನಲ್ಲಿಯನ್ನು ತೋರಿಸಿ, “ಸಿ! ಕಾಲಿಯೆಂತೆ!” ಎಂದ.

ಆಮೇಲೆ ಅರ್ಥವಾಯಿತು. ಸ್ಪ್ಯಾನಿಷಿನಲ್ಲಿ ‘ಕಾಲಿಯೆಂತೆ’ ಅಂದರೆ ಬಿಸಿ. ಅವರ ಊರಿನ ನಲ್ಲಿಗಳಲ್ಲಿ ಬಿಸಿನೀರಿಗೆ ಸಿ, ತಣ್ಣೀರಿಗೆ ಎಫ್. ‘ಫ್ರೀಯಾ’ ಅಂದರೆ ತಣ್ಣಗಿರುವುದು. ಇವನು ಸಿ ತಿರುಗಿಸಿ, ಬಿಸಿ ಬರಲೆಂದು ಐದು ನಿಮಿಷ ಕಾದಿದ್ದಾನೆ. ಬರಲಿಲ್ಲ. ಬಂದಿರಬಹುದು, ತನಗೇ ತಿಳಿಯುತ್ತಿಲ್ಲ ಎಂಬ ಧೈರ್ಯದ ಮೇಲೆ ಒಂದು ಬಕೆಟು ತಲೆಗೆ ಸುರಿದುಕೊಂಡಿದ್ದಾನೆ. “ಇನ್ನೊಂದು ನಲ್ಲಿ ನೋಡಬಾರದಿತ್ತಾ?” ಎಂದು ಕೇಳಿದೆ. ನೋಡಿದ್ದನಂತೆ. ಎಚ್ ಕಂಡು ಹೆದರಿದನಂತೆ. ಅವರ ಭಾಷೆಯಲ್ಲಿ ಎಚ್‌ನಿಂದ ಶುರುವಾಗುವ ‘ಎಲಾದಾ’ ಅಂದರೆ ಹೆಪ್ಪುಗಟ್ಟಿದ್ದು. ಸಿ ಹೀಗಿದ್ದರೆ ಎಚ್ ಹೇಗಿರಬೇಡ!

ನನಗೆ ನಾಚಿಕೆಯಾದದ್ದು ನಲ್ಲಿಗಾಗಿ ಅಲ್ಲ, ನನ್ನ ಪಾಂಡಿತ್ಯಕ್ಕಾಗಿ. ಅವರು ಬರುತ್ತಾರೆಂದು ಗೊತ್ತಾದ ಮೇಲೆ ಬೆಂಗಳೂರಿನಲ್ಲಿರುವ ಮಗಳು ಒಂದು ಪಟ್ಟಿ ಕಳಿಸಿದ್ದಳು. ಎಡಗಡೆ ದಿನಬಳಕೆಯ ಐನೂರು ಇಂಗ್ಲಿಷ್ ಪದ, ಬಲಗಡೆ ಅವುಗಳ ಸ್ಪ್ಯಾನಿಷ್. “ಅಪ್ಪಾ, ದಿನಕ್ಕೆ ಇಪ್ಪತ್ತು ಕಲೀರಿ, ಸಾಕು” ಎಂದಿದ್ದಳು. ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಕಣದ ಬದಿಯ ಕಲ್ಲಿನ ಮೇಲೆ ಕೂತು ನಾನು ಕಲಿತೆ. ‘ಹಾಟ್’ ಎದುರಿಗೆ ‘ಕಾಲಿಯೆಂತೆ’ ಎಂದಿದ್ದುದೂ ಬಾಯಿಪಾಠವಾಗಿತ್ತು. ಆ ಪದ ಹೋಗಿ ನನ್ನ ಬಚ್ಚಲಿನ ನಲ್ಲಿಯ ಮೇಲೆ ಕೂತಿದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಪಟ್ಟಿಯ ತೊಂದರೆಯೇ ಅದು. ಒಂದು ಪದಕ್ಕೆ ಒಂದು ಪದ, ಕೊಟ್ಟು ತೆಗೆದುಕೊಂಡ ಹಾಗೆ ಎಂದು ಅದು ನಂಬಿಸುತ್ತದೆ. ‘ಹಾಟ್’ ಒಂದನ್ನೇ ನೋಡಿ. ನೀರು ಹಾಟ್ ಆದರೆ ಕಾಲಿಯೆಂತೆ. ಹವೆ ಹಾಟ್ ಆದರೆ ‘ಆಥೆ ಕಾಲೋರ್’. ಪದಪದವಾಗಿ ಬಿಡಿಸಿದರೆ ‘ಸೆಕೆ ಮಾಡುತ್ತದೆ’. ನನಗೆ ಹಾಟ್ ಅನಿಸಿದರೆ ‘ತೆಂಗೊ ಕಾಲೋರ್’, ನನ್ನ ಹತ್ತಿರ ಸೆಕೆ ಇದೆ. ಹಾಗಲ್ಲದೆ ಪಟ್ಟಿಯನ್ನು ನಂಬಿ ‘ನಾನು ಕಾಲಿಯೆಂತೆ’ ಎಂದು ಯಾರೊಡನಾದರೂ ಹೇಳಿದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ, ಹೆಂಡತಿ ಇಲ್ಲದಾಗ ಹೇಳಿದರಂತೂ ಇನ್ನೂ ಕೆಟ್ಟ ಅರ್ಥ. ಸಾರು ಹಾಟ್ ಆದರೆ ಎರಡು ದಾರಿ: ಒಲೆಯಿಂದ ಈಗಷ್ಟೆ ಇಳಿದದ್ದು ಕಾಲಿಯೆಂತೆ, ಮೆಣಸು ಜಾಸ್ತಿಯಾದದ್ದು ಪಿಕಾಂತೆ.

ಈಗ ಕನ್ನಡದಲ್ಲಿ ಹೇಳಿನೋಡಿ. ನೀರು ಬಿಸಿ, ಹೊರಗೆ ಸೆಕೆ, ಸಾರು ಖಾರ. ನಾವು ಗಂಟು ಬಿಚ್ಚುವ ಜಾಗವೂ ಅವರು ಬಿಚ್ಚುವ ಜಾಗವೂ ಒಂದೇ. ಗಂಟು ಹಾಕಿದವನು ನಡುವೆ ನಿಂತ ಇಂಗ್ಲಿಷಿನವನು. ಕಣದ ಕಲ್ಲಿನ ಮೇಲೆ ಕೂತು ನಾನು ಹದಿನೈದು ದಿನ ಒದ್ದಾಡಿದ್ದು ಇದಕ್ಕೇ. ಹಿತ್ತಲಿನಿಂದ ಹಿತ್ತಲಿಗೆ ದಾಟಬಹುದಾದ ಮನೆಗೆ ಮಡಿಕೇರಿ ಪೇಟೆಯನ್ನೆಲ್ಲ ಸುತ್ತಿಕೊಂಡು ಹೋಗುತ್ತಿದ್ದೆ.

ಆ ರಾತ್ರಿಯೇ ಇದರ ಇನ್ನೊಂದು ಪ್ರಯೋಗ ನಡೆಯಿತು. ಹೆಂಡತಿ ಹಂದಿಮಾಂಸದ ಪಂದಿಕರಿ ಮಾಡಿದ್ದಳು, ಜೊತೆಗೆ ಅಕ್ಕಿತರಿಯ ಉಂಡೆ, ಕಡಂಬಟ್ಟು. ಪಕ್ಕದ ಮನೆಯ ಅಕ್ಕನಿಂದ ಕಲಿತ ಕೈ. ಕೊಡಗಿನ ಹುಳಿರಸ ಕಾಚಂಪುಳಿ ಬಿದ್ದು ಕರ್ರಗೆ ಹೊಳೆಯುವ ಮಸಾಲೆ, ಕರಿಮೆಣಸಿನಲ್ಲಿ ಕೈ ಹಿಡಿತವಿಲ್ಲ. ಅತಿಥಿ ಚಮಚ ಹಿಡಿದು “ಹಾಟ್?” ಎಂದ. ಆಗಷ್ಟೆ ಒಲೆಯಿಂದ ಇಳಿಸಿದ್ದು ಎಂದು ಹೆಮ್ಮೆಯಿಂದ “ಹಾಟ್ ಹಾಟ್” ಎಂದೆ. ಅವನು ಐದು ನಿಮಿಷ ಬಿಟ್ಟ. ಆರಿದ ಮೇಲೆ ಧೈರ್ಯವಾಗಿ ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡ. ಕಣ್ಣು, ಮೂಗು, ಕಿವಿ ಎಲ್ಲ ಒಂದೇ ಬಣ್ಣಕ್ಕೆ ತಿರುಗಿದವು. ಆದರೂ ಬಿಡಲಿಲ್ಲ, ಮೂರು ಸಲ ಹಾಕಿಸಿಕೊಂಡ. “ಎಸ್ತಾ ರಿಕೊ” ಎಂದ. ತುಂಬ ರುಚಿಯಾಗಿದೆ ಎಂದರ್ಥ. ಎಸ್ತಾ ತೆಗೆದು ‘ಎಸ್ ರಿಕೊ’ ಎಂದರೆ ಶ್ರೀಮಂತ. ನಮ್ಮ ಪಂದಿಕರಿ ಎಸ್ತಾ ರಿಕೊ, ಮೇಲಿನ ತೋಟದ ಯಜಮಾನರು ಎಸ್ ರಿಕೊ.

ಇಂಗ್ಲಿಷಿನ ‘ಈಸ್’ಗೆ ಅವರಲ್ಲಿ ಈ ಎರಡು ಕ್ರಿಯಾಪದ, ಸೆರ್ ಮತ್ತು ಎಸ್ತಾರ್. ಎಸ್‌ನ ಮೂಲ ಸೆರ್, ಎಸ್ತಾದ ಮೂಲ ಎಸ್ತಾರ್. ಕಲಿಯುವವರೆಲ್ಲ ಮೊದಲು ಎಡವುವುದು ಈ ಹೊಸ್ತಿಲಿನಲ್ಲೇ. ಹುಟ್ಟುಗುಣಕ್ಕೆ, ಜಾತಕಕ್ಕೆ, ಕಸುಬಿಗೆ ಸೆರ್. ಇರುವ ಜಾಗಕ್ಕೆ, ಸದ್ಯದ ಸ್ಥಿತಿಗೆ ಎಸ್ತಾರ್. ನಾನು ಇದನ್ನು ಹೀಗೆ ಜ್ಞಾಪಕ ಇಟ್ಟುಕೊಂಡೆ: ‘ಅವನು ಕುಡುಕ’ ಎನ್ನುವುದು ಸೆರ್, ‘ಅವನು ಕುಡಿದಿದ್ದಾನೆ’ ಎನ್ನುವುದು ಎಸ್ತಾರ್. ಸುಗ್ಗಿ ಹಬ್ಬವಾದ ಹುತ್ತರಿಯ ರಾತ್ರಿ ಕೊಡಗಿನಲ್ಲಿ ನೀವು ಕಾಣುವ ಜನರಲ್ಲಿ ಹೆಚ್ಚಿನವರಿಗೆ ಎರಡನೆಯದು ಸಲ್ಲುತ್ತದೆ. ಗೊತ್ತಿಲ್ಲದೆ ಮೊದಲನೆಯದನ್ನು ಹಚ್ಚಿದರೆ ಜಗಳ. ಕನ್ನಡದಲ್ಲಿ ‘ಅವನು ಕುಡುಕ’ ಎನ್ನುವಲ್ಲಿ ಕ್ರಿಯಾಪದವೇ ಇಲ್ಲ, ‘ಕುಡಿದಿದ್ದಾನೆ’ ಎನ್ನುವಲ್ಲಿ ‘ಇರು’ ಬಂದು ಕೂತಿದೆ. ಅವರ ಎಸ್ತಾರ್ ಹೆಚ್ಚುಕಡಿಮೆ ನಮ್ಮ ‘ಇರು’. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ!

ಕಾಫಿಗೂ ಇದು ಬಂತು. ಅತಿಥಿಗಳನ್ನು ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಒಂದೇ ಗೊಂಚಲಿನಲ್ಲಿ ಕೆಂಪು, ಅರೆಗೆಂಪು, ಹಸಿರು. ಹಸಿರನ್ನು ಕೀಳಬೇಡಿ ಎಂದು ನಾನು ಆಳುಗಳಿಗೆ ದಿನಕ್ಕೆ ನೂರು ಸಲ ಕೂಗುವವನು. ಅತಿಥಿಯ ಹೆಂಡತಿ ಒಂದು ಹಸಿರು ಕಾಯಿ ಮುಟ್ಟಿ “ಎಸ್ತಾ ಬೆರ್ದೆ” ಎಂದಳು. ಬೆರ್ದೆ ಅಂದರೆ ಹಸಿರು. ಬಣ್ಣವೇ ಹಸಿರಾದರೆ ‘ಎಸ್ ಬೆರ್ದೆ’. ಇನ್ನೂ ಮಾಗಿಲ್ಲ ಎನ್ನಲು ‘ಎಸ್ತಾ ಬೆರ್ದೆ’. ಕ್ರಿಯಾಪದ ಬದಲಾದರೆ ಬಣ್ಣ ಹೋಗಿ ಪ್ರಾಯ ಬರುತ್ತದೆ. ಇಲ್ಲಿ ನಾವು ಅವರಿಗಿಂತ ಒಂದು ಹೆಜ್ಜೆ ಮುಂದೆ. ಕಾಯಿ, ಹಣ್ಣು ಎಂದು ಎರಡು ಹೆಸರನ್ನೇ ಇಟ್ಟುಬಿಟ್ಟಿದ್ದೇವೆ.

ಸೆರ್ ಶಾಶ್ವತ, ಎಸ್ತಾರ್ ತಾತ್ಕಾಲಿಕ ಎಂದು ಪಟ್ಟಿಯ ಕೆಳಗೆ ಮಗಳು ಪೆನ್ಸಿಲಿನಲ್ಲಿ ಬರೆದಿದ್ದಳು. ಅದೂ ಪೂರ್ತಿ ನಿಜವಲ್ಲ. ಸತ್ತವರಿಗೆ ಅವರು ಬಳಸುವುದು ಎಸ್ತಾರ್, ‘ಎಸ್ತಾ ಮುಎರ್ತೊ’. ಸತ್ತು ‘ಇದ್ದಾನೆ’. ಸಾವಿಗಿಂತ ಶಾಶ್ವತ ಇನ್ನೇನಿದೆ ಎಂದು ನಾನು ತಲೆಕೆಡಿಸಿಕೊಂಡಿದ್ದಾಗ ಪಕ್ಕದ ಮನೆಯ ಅಜ್ಜ ನೆನಪಾದರು. ಅವರ ಒಕ್ಕದಲ್ಲಿ, ಅಂದರೆ ಮನೆತನದಲ್ಲಿ, ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ, ಅನ್ನ ಮಾಂಸದ ಜೊತೆಗೆ ಕುಡಿಯಲಿಕ್ಕೂ ಇಡುತ್ತಾರೆ. ಅಜ್ಜನಿಗೆ ಎಸ್ತಾರ್ ಬಗ್ಗೆ ಪಾಠ ಹೇಳಬೇಕಾಗಿಲ್ಲ.

ಎರಡನೆಯ ದಿನ ಬೆಳಿಗ್ಗೆ ಅತಿಥಿ ತಿಂಡಿಗೆ ತಡವಾಗಿ ಬಂದ. ಮುಖ ಊದಿತ್ತು. ಏನು ತೊಂದರೆ ಎಂದು ಹೆಂಡತಿ ವಿಚಾರಿಸಿದಳು. ಅವನು ತನ್ನ ಮುರುಕು ಇಂಗ್ಲಿಷಿನಲ್ಲಿ, ಬಹಳ ಬೇಸರದಿಂದ, “ಐ ಆಮ್ ಕಾನ್ಸ್ಟಿಪೇಟೆಡ್” ಎಂದ. ಹೆಂಡತಿಗೆ ಇಂಗ್ಲಿಷು ಹೆಚ್ಚು ಬಾರದಿದ್ದರೂ ಔಷಧದಂಗಡಿಯ ಇಂಗ್ಲಿಷು ಚೆನ್ನಾಗಿ ಬರುತ್ತದೆ. “ಪಾಪ, ನಿನ್ನೆ ಪಂದಿ ಜಾಸ್ತಿ ಆಯ್ತು ಕಾಣ್ತದೆ” ಎಂದು ಒಳಗೆ ಹೋಗಿ ಎರಡು ಲೋಟ ಬಿಸಿನೀರು, ಒಂದು ತಟ್ಟೆ ಪಪ್ಪಾಯಿ ತಂದಿಟ್ಟಳು. ಅವನು ಸಂಕೋಚದ ಮನುಷ್ಯ, ಕೊಟ್ಟದ್ದನ್ನೆಲ್ಲ ತಿಂದ. ಮಧ್ಯಾಹ್ನಕ್ಕೆ ಆರು ಪುಟ್ಟಬಾಳೆ ಬಂತು, ತಿಂದ. ಸಂಜೆ ಅವಳು ಹರಳೆಣ್ಣೆಯ ಬಾಟಲಿ ಹುಡುಕುತ್ತಿದ್ದಾಗ ಅವನು ಜಗಲಿಯಲ್ಲಿ ಕೂತು ಸಾಲಾಗಿ ಒಂಬತ್ತು ಸೀನು ಸೀನಿದ. ನನಗೆ ಸಂಶಯ ಬಂದು ಮಗಳಿಗೆ ಫೋನು ಮಾಡಿದೆ. ಸ್ಪೇನಿನಲ್ಲಿ ‘ಕೊನ್ಸ್ತಿಪಾದೊ’ ಅಂದರೆ ನೆಗಡಿ ಹಿಡಿದಿದೆ ಎಂದಂತೆ. ಮೊದಲ ದಿನದ ತಣ್ಣೀರಿನ ಫಲ. ಮೂಗು ಕಟ್ಟಿದವನಿಗೆ ನಾವು ಹೊಟ್ಟೆ ಕಟ್ಟಿದ ಉಪಚಾರ ಮಾಡಿದ್ದೆವು. ಆ ರಾತ್ರಿ ಪಪ್ಪಾಯಿ ತನ್ನ ಕೆಲಸ ಮಾಡಿತೆಂದು ಬೇರೆ ಹೇಳಬೇಕಾಗಿಲ್ಲ.

ನೋಡಲು ಒಂದೇ, ಒಳಗೆ ಬೇರೆ, ಇಂಥ ಪದಗಳು ಆ ಎರಡು ಭಾಷೆಗಳ ನಡುವೆ ಬೇಕಾದಷ್ಟಿವೆ. ಸ್ಪ್ಯಾನಿಷಿನ ‘ಎಕ್ಸಿತೊ’ ಹೊರಗೆ ಹೋಗುವ ದಾರಿಯಲ್ಲ, ಯಶಸ್ಸು. ‘ರೋಪಾ’ ಹಗ್ಗವಲ್ಲ, ಬಟ್ಟೆ. ‘ಕಾರ್ಪೆತಾ’ ನೆಲಹಾಸಲ್ಲ, ಕಾಗದ ಇಡುವ ಫೈಲು. ಇದಕ್ಕೆ ನಾವು ಸ್ಪೇನಿನವರೆಗೆ ಹೋಗಬೇಕಾಗಿಯೂ ಇಲ್ಲ. ಮೈಸೂರಿನಿಂದ ಕೊಡಗಿಗೆ ಬಂದವನಿಗೆ ಯಾರಾದರೂ ಕೊಡವ ತಕ್ಕಿನಲ್ಲಿ ‘ನರಿ ಬಂದಿದೆ’ ಎಂದರೆ ಅವನು ಕೋಳಿಗೂಡಿನ ಬಾಗಿಲು ಹಾಕಿ ನಿಶ್ಚಿಂತೆಯಿಂದ ಮಲಗುತ್ತಾನೆ. ಕೊಡವರ ನರಿ ಅಂದರೆ ಹುಲಿ. ಹುಲಿ ಕೊಂದ ವೀರನಿಗೆ ಹಿಂದೆ ಮಾಡುತ್ತಿದ್ದ ಮದುವೆಯಂಥ ಮರ್ಯಾದೆಗೆ ‘ನರಿ ಮಂಗಲ’ ಎಂದೇ ಹೆಸರು. ಇದನ್ನು ನರಿಯ ಮದುವೆ ಎಂದು ಅನುವಾದಿಸಿದವನಿಗೆ ಬಿಸಿಲಲ್ಲಿ ಮಳೆ ಬಂದದ್ದು ಕಾಣಿಸುತ್ತದೆ, ಬಂದೂಕು ಹಿಡಿದು ಕೂತ ಮದುಮಗ ಕಾಣಿಸುವುದಿಲ್ಲ.

ನೆಗಡಿಯ ಸುದ್ದಿ ಕೇಳಿ ಪಕ್ಕದ ಮನೆಯ ಅಜ್ಜ ಕಷಾಯಕ್ಕೆಂದು ಒಂದು ಮುಷ್ಟಿ ಕರಿಮೆಣಸು ಹಿಡಿದುಕೊಂಡು ಬಂದರು. ಆ ಸಂಜೆಯ ಮಾತು ನನಗೆ ಉಳಿದ ಐನೂರು ಪದಕ್ಕಿಂತ ಹೆಚ್ಚು. ಅತಿಥಿಗೆ ಮಾತಿನ ಚಪಲ, ಅಜ್ಜನಿಗೂ ಅಷ್ಟೆ, ನಡುವೆ ನಾನು ಮುರುಕು ಸಂಕ. ಅಜ್ಜ “ಪಂದಿ” ಎಂದರೆ ನಾನು “ಹಂದಿ” ಎನ್ನುವುದನ್ನು ಅತಿಥಿ ಗಮನಿಸಿದ್ದ. ಇದು ಎರಡು ಪ್ರಾಣಿಯೋ ಒಂದೋ ಎಂದು ಕೇಳಿದ. ಒಂದೇ ಎಂದೆ. ಅಜ್ಜನ ಪಾಲ್ ನನ್ನ ಹಾಲು, ಅಜ್ಜನ ಪಾಂಬ್ ನನ್ನ ಹಾವು, ಅಜ್ಜನ ಪೂ ನನ್ನ ಹೂ, ಅಜ್ಜನ ಪುತ್ತರಿ ನನ್ನ ಹುತ್ತರಿ. ಹಳೆಗನ್ನಡದಲ್ಲಿ ನಮಗೂ ಪಕಾರವೇ ಇತ್ತು. ನಡುಗನ್ನಡಕ್ಕೆ ಬರುವಷ್ಟರಲ್ಲಿ ಅದು ಸವೆದು ಹಕಾರವಾಯಿತು. ಅಜ್ಜನ ಮನೆಯಲ್ಲಿ ಸವೆಯದೆ ಉಳಿಯಿತು.

ಅತಿಥಿ ಎದ್ದು ನಿಂತುಬಿಟ್ಟ. ಅವರಲ್ಲೂ ಹೀಗೇ ಆಗಿದೆಯಂತೆ, ಪ ಬದಲು ಫ. ಲ್ಯಾಟಿನಿನ ‘ಫೀಲಿಯುಸ್’, ಅಂದರೆ ಮಗ, ಸ್ಪ್ಯಾನಿಷಿನಲ್ಲಿ ‘ಇಹೊ’. ಹಿಟ್ಟಿನ ‘ಫರೀನಾ’ ಈಗ ‘ಅರೀನಾ’. ಹೊಗೆಯ ‘ಫೂಮುಸ್’ ಈಗ ‘ಊಮೊ’. ಇಂಗ್ಲಿಷಿನವರು ಆ ಫಕಾರವನ್ನು ‘ಫ್ಯೂಮ್’ನಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ. ಒಲೆಯ ‘ಫುರ್ನುಸ್’ ‘ಒರ್ನೊ’ ಆಯಿತು. ಇಂಗ್ಲಿಷಿನ ಫರ್ನೆಸ್ ಇದರದೇ ದಾಯಾದಿ. ಬರೆಯುವಾಗ ಈ ಎಲ್ಲ ಪದಗಳ ತಲೆಗೆ ಎಚ್ ಅಕ್ಷರ ಇಡುತ್ತಾರೆ, ಹೇಳುವಾಗ ನುಂಗುತ್ತಾರೆ. ಫ ಸವೆದು ಹ ಆಗಿ, ಹ ಸವೆದು ಏನೂ ಇಲ್ಲವಾಗಿದೆ. ಇದನ್ನು ಕೇಳಿ ನನಗೆ ನಮ್ಮ ಮೈಸೂರು ಕಡೆಯ ಭಾವ ನೆನಪಾದ. ಅವನು ಹಾಲಿಗೆ ಆಲು, ಹಣ್ಣಿಗೆ ಅಣ್ಣು ಎನ್ನುವವನು. ಪಾಲು, ಹಾಲು, ಆಲು. ಸ್ಪೇನಿನವರು ಸಾವಿರ ವರ್ಷದಲ್ಲಿ ನಡೆದ ದಾರಿಯನ್ನು ಅಜ್ಜ, ನಾನು, ಭಾವ ಮೂವರೂ ಒಂದೇ ಜಗಲಿಯಲ್ಲಿ ಕೂತು ನಡೆದು ತೋರಿಸಬಲ್ಲೆವು.

ಇಷ್ಟು ಹೊತ್ತಿಗೆ ಮೆಣಸಿನ ಕಷಾಯ ಬಂತು. ಕರಿಮೆಣಸು ಅವರಿಗೆ ‘ಪಿಮಿಯೆಂತಾ’. ದೊಣ್ಣೆಮೆಣಸು ‘ಪಿಮಿಯೆಂತೊ’. ಕೊನೆಯ ಅಕ್ಷರ ಆ ಇದ್ದರೆ ಬಳ್ಳಿಯದು, ಒ ಇದ್ದರೆ ಗಿಡದ್ದು. ನನ್ನ ಪಟ್ಟಿಯಲ್ಲಿ ಎಡಗಡೆ ಎರಡಕ್ಕೂ ‘ಪೆಪ್ಪರ್’ ಎಂದೇ ಇತ್ತು. ಇದರ ಹಿಂದೆ ಒಂದು ಕತೆಯಿದೆ, ಅದರಲ್ಲಿ ನಮ್ಮ ಗುಡ್ಡಗಳ ಪಾತ್ರವೂ ಇದೆ. 1492ರ ಆಗಸ್ಟಿನಲ್ಲಿ ಕೊಲಂಬಸ್ ಸ್ಪೇನಿನಿಂದ ಪಡುವಣಕ್ಕೆ ಹಡಗು ಬಿಟ್ಟಾಗ ಅವನಿಗೆ ಬೇಕಾಗಿದ್ದ ಸರಕುಗಳಲ್ಲಿ ಒಂದು ಈ ಕರಿಮೆಣಸು. ಅದು ಹಬ್ಬಿಕೊಂಡಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಮರಗಳ ಮೇಲೆ. ಅವನು ಹೋಗಿ ತಲುಪಿದ್ದು ಬೇರೆಲ್ಲಿಗೋ. ಅಲ್ಲಿ ಸಿಕ್ಕಿದ್ದು ಬಳ್ಳಿಯ ಕಾಳಲ್ಲ, ಗಿಡದ ಖಾರದ ಕಾಯಿ. ಬಂದ ದಾರಿಗೆ ಸುಂಕವಿಲ್ಲ ಎಂದಾಗಬಾರದಲ್ಲ, ಸ್ಪೇನಿನವರು ಮೆಣಸಿನ ಹೆಸರನ್ನೇ ಚೂರು ತಿರುಚಿ ಆ ಕಾಯಿಗೆ ಇಟ್ಟರು. ಆ ಕಾಯಿ ಮುಂದೆ ಸಮುದ್ರ ದಾಟಿ ನಮ್ಮಲ್ಲಿಗೆ ಬಂದಾಗ ನಾವೂ ಮಾಡಿದ್ದು ಅದನ್ನೇ. ಮೆಣಸಿನ ಹೆಸರು ಕೊಟ್ಟು ‘ಮೆಣಸಿನಕಾಯಿ’ ಎಂದೆವು. ಆಮೇಲೆ ಗೊಂದಲವಾಗಿ ನಮ್ಮದೇ ಹಳೆಯ ಮೆಣಸಿಗೆ ಕರಿ, ಕಾಳು ಎಂದು ವಿಶೇಷಣ ಅಂಟಿಸಬೇಕಾಯಿತು. ಘಟ್ಟದ ಕೆಳಗಿನವರು ‘ಒಳ್ಳೆಮೆಣಸು’ ಎಂದು ತಮ್ಮ ಪಕ್ಷ ಯಾವುದೆಂದು ಸ್ಪಷ್ಟಪಡಿಸಿಬಿಟ್ಟರು. ಹೊಸಬ ಬಂದು ಕೂತ, ಮನೆ ಯಜಮಾನ ಗುರುತಿನ ಚೀಟಿ ತೋರಿಸಬೇಕಾಯಿತು. ಕೊಲಂಬಸ್ ಹೊರಟ ಆ ಆಗಸ್ಟಿನಲ್ಲೇ ಸಲಮಾಂಕಾದಲ್ಲಿ ನೆಬ್ರಿಹಾ ಎಂಬ ಪಂಡಿತ ಸ್ಪ್ಯಾನಿಷಿನ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದ. ಒಬ್ಬ ದಾರಿ ತಪ್ಪಲು, ಇನ್ನೊಬ್ಬ ತಪ್ಪು ತಿದ್ದಲು, ಒಂದೇ ತಿಂಗಳು.

ವೆಲೆನ್ಸಿಯಾ ಕಿತ್ತಳೆಗೆ ಹೆಸರಾದ ಊರು. ನಾನು ಹೆಮ್ಮೆಯಿಂದ ನಮ್ಮ ಕೊಡಗಿನ ಕಿತ್ತಳೆ ಮುಂದಿಟ್ಟು ಪಟ್ಟಿಯಲ್ಲಿ ‘ಆರೆಂಜ್’ ಎದುರಿಗಿದ್ದ ‘ನರಾಂಹಾ’ ಎಂದೆ. ಅವನ ಹೆಂಡತಿ ಸಿಪ್ಪೆಯನ್ನು ಎರಡು ಎಳೆತಕ್ಕೆ ಬಿಡಿಸಿ, ತಲೆಯಾಡಿಸಿ, “ಮಂದರೀನಾ” ಎಂದಳು. ಹೀಗೆ ಸಡಿಲವಾಗಿ ಸಿಪ್ಪೆ ಬಿಡುವುದಕ್ಕೆ ಅವರಲ್ಲಿ ಬೇರೆ ಹೆಸರು, ಬೇರೆ ಅಂತಸ್ತು. ನರಾಂಹಾ ಮಾತ್ರ ನಮ್ಮ ಕಡೆಯಿಂದಲೇ ಹೋದದ್ದು. ಸಂಸ್ಕೃತದ ನಾರಂಗ ಪಾರಸಿ, ಅರಬ್ಬಿ ಹಾಯ್ದು ಅಲ್ಲಿಗೆ ಮುಟ್ಟಿದೆ. ಸಕ್ಕರೆಗೂ ಅದೇ ದಾರಿ: ಶರ್ಕರ ಅಲ್ಲಿ ‘ಅಥೂಕಾರ್’.

‘ಫಾರ್’ ಎಂಬ ಚಿಕ್ಕ ಪದಕ್ಕೆ ಪೊರ್, ಪಾರಾ ಎಂದು ಎರಡಿವೆ. ಅದರ ಗೋಳು ಇಲ್ಲಿ ಬೇಡ. ಮಗಳಿಗೋಸ್ಕರ ಎನ್ನಲು ಪಾರಾ, ಮಗಳ ಬದಲಿಗೆ ಎನ್ನಲು ಪೊರ್ ಎಂದು ತಿಳಿದರೆ ಅರ್ಧ ದಾರಿ ಮುಗಿಯಿತು. ‘ಎಸ್ಪೆರಾರ್’ ನನಗೆ ಇಷ್ಟವಾದ ಪದ. ಕಾಯುವುದು ಅಂದರೂ ಅದೇ, ಆಸೆ ಇಟ್ಟುಕೊಳ್ಳುವುದು ಅಂದರೂ ಅದೇ. ಇಂಗ್ಲಿಷಿನವನಿಗೆ ಎರಡಕ್ಕೆ ಎರಡು ಪದ ಬೇಕು. ಮಳೆಗಾಲದಲ್ಲಿ ಭಾಗಮಂಡಲದ ದಾರಿಯಲ್ಲಿ, ಕೊಡೆ ಹಿಡಿದುಕೊಂಡು, ಕೊನೆಯ ಬಸ್ಸಿಗೆ ನಿಂತವನಿಗೆ ಒಂದೇ ಸಾಕು.

ಇನ್ನು ಕನ್ನಡ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಕೂತ ಇಬ್ಬರು ಹಿರಿಯರಿಗೆ ಸ್ಪ್ಯಾನಿಷಿನಲ್ಲಿ ಉದ್ಯೋಗ ಸಿಗುತ್ತದೆ. ಒಬ್ಬರು ಞ. ನಮ್ಮಲ್ಲಿ ಜ್ಞಾನಕ್ಕೆ ಅಡಿಯಾಳಾಗಿ ನಿಲ್ಲುವುದು ಬಿಟ್ಟರೆ ಇದಕ್ಕೆ ಬೇರೆ ಕಸುಬಿಲ್ಲ. ಅಲ್ಲಿ ‘ಮಞಾನಾ’ ಅಂದರೆ ನಾಳೆ, ಬೆಳಿಗ್ಗೆಯೂ ಹೌದು. ‘ಆಞೊ’ ಅಂದರೆ ವರ್ಷ. ತನಗೆ ಇಷ್ಟು ವಯಸ್ಸು ಎನ್ನಲು ‘ನನ್ನ ಹತ್ತಿರ ಇಷ್ಟು ಆಞೊ ಇದೆ’ ಎನ್ನಬೇಕು. ಞ ಬದಲು ನ ಎಂದರೆ ಇಷ್ಟು ಗುದದ್ವಾರ ಇದೆ ಎಂದಾಗುತ್ತದೆ. ನನಗೆ ಅರುವತ್ತೊಂದು. ಎಚ್ಚರಿಕೆಯಿಂದ ಹೇಳಿದೆ. ಇನ್ನೊಬ್ಬರು ಹಳೆಗನ್ನಡದ ಱ. ‘ಪೆರೊ’ ಅಂದರೆ ಆದರೆ, ಱಕಾರವನ್ನು ಉರುಳಿಸಿ ‘ಪೆಱ್ಱೊ’ ಎಂದರೆ ನಾಯಿ. ನಾವು ಇದನ್ನು ಎಂದೋ ಅಟ್ಟಕ್ಕೆ ಹಾಕಿದ್ದೇವೆ; ನಮ್ಮ ತೋಟದ ಮಲಯಾಳಿ ಮೇಸ್ತ್ರಿ ನಾಲಿಗೆ ಒಂದು ಸುತ್ತು ಸುತ್ತಿಸಿ ಮೊದಲ ಸಲಕ್ಕೇ ನಾಯಿಯನ್ನು ಕರೆದುಬಿಟ್ಟ.

ಮೂರನೆಯ ದಿನ ಬೆಳಿಗ್ಗೆ ನಾನು ಒಂದು ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ‘ಆಗ್ವಾ ಫ್ರೀಯೊ’ ಎಂದು ಬರೆದು ಸಿ ನಲ್ಲಿಯ ಮೇಲೆ ಅಂಟಿಸಿದೆ. ಆಗ್ವಾ ನೀರು, ಫ್ರೀಯೊ ತಣ್ಣಗೆ, ಎರಡೂ ಪಟ್ಟಿಯಿಂದಲೇ ಎತ್ತಿದ್ದು. ಅತಿಥಿ ಬಂದು ನೋಡಿ, ಜೇಬಿನಿಂದ ಪೆನ್ನು ತೆಗೆದು, ಕೊನೆಯ ಒ ಅಕ್ಷರಕ್ಕೆ ಒಂದು ಬಾಲ ಎಳೆದು ಆ ಮಾಡಿದ. ನೀರು ಹೆಣ್ಣು, ಆದ್ದರಿಂದ ತಂಪೂ ಹೆಣ್ಣಾಗಬೇಕು: ಫ್ರೀಯಾ. ಸರಿ, ಹೆಣ್ಣುಪದದ ಮುಂದೆ ‘ಲಾ’ ಬರಬೇಕಲ್ಲ ಎಂದು ‘ಲಾ ಆಗ್ವಾ’ ಎಂದೆ. ಅದೂ ಅಲ್ಲ! ಒತ್ತಿ ಹೇಳುವ ಆಕಾರದ ಮುಂದೆ 'ಲಾ' ಬಂದರೆ ಎರಡು ಆ ಡಿಕ್ಕಿ ಹೊಡೆಯುತ್ತವೆಂದು ಗಂಡಿಗೆ ಹಚ್ಚುವ ‘ಎಲ್’ ತಂದು ‘ಎಲ್ ಆಗ್ವಾ’ ಎನ್ನುತ್ತಾರೆ. ನೀರು ಹೆಣ್ಣಾಗಿಯೇ ಉಳಿಯುತ್ತಾಳೆ, ತಲೆಗೆ ಮಾತ್ರ ಗಂಡಿನ ಪೇಟ. ಸ್ವರಕ್ಕೆ ಸ್ವರ ತಾಗಬಾರದೆಂದು ಮನೆ ಮತ್ತು ಅಲ್ಲಿಯ ನಡುವೆ ಯಕಾರ ತೂರಿಸಿ ‘ಮನೆಯಲ್ಲಿ’ ಎನ್ನುವ ನಮಗೆ ಇದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಮೇಜು ಹೆಣ್ಣು, ಪುಸ್ತಕ ಗಂಡು, ಒಕಾರದಲ್ಲಿ ಮುಗಿದರೂ ಕೈ ಹೆಣ್ಣು, ಆಕಾರದಲ್ಲಿ ಮುಗಿದರೂ ದಿನ ಗಂಡು ಎನ್ನುವುದಕ್ಕೆ ಮಾತ್ರ ನನ್ನಲ್ಲಿ ಉತ್ತರವಿರಲಿಲ್ಲ. ಅವನಿಗೂ ಇರಲಿಲ್ಲ.

ಈ ಚರ್ಚೆಯ ಭರದಲ್ಲಿ ಅವನ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು. ಪಿಂಗಾಣಿಯದು, ಹೆಂಡತಿಯ ತವರಿನದು. ಮೂರು ಚೂರು. ಅವನು ಬೆಪ್ಪಾಗಿ “ಸೆ ಮೆ ಕಯೊ” ಎಂದ. ಪಟ್ಟಿಯಲ್ಲಿ ಆ ಜಾಗಕ್ಕೆ ‘ನಾನು ಬೀಳಿಸಿದೆ’ ಎಂಬರ್ಥದ ಇಂಗ್ಲಿಷ್ ವಾಕ್ಯವಿತ್ತು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಹಾಗೆ. ಸ್ಪ್ಯಾನಿಷಿನಲ್ಲಿ ಬಿದ್ದದ್ದು ಲೋಟ. ತಾನೇ ಬಿತ್ತು, ನನ್ನ ಪಾಲಿಗೆ ಬಿತ್ತು. ‘ನನಗೆ ಕಾಫಿ ಇಷ್ಟ’ ಎನ್ನುವಾಗ, ‘ನನಗೆ ತಲೆ ನೋಯುತ್ತದೆ’ ಎನ್ನುವಾಗ ನಾವು ಹೇಗೆ ನಾನು ಎಂಬುದನ್ನು ಪಕ್ಕಕ್ಕೆ ಸರಿಸಿ ನನಗೆ ಎಂದು ನಿಲ್ಲುತ್ತೇವೋ ಅವರೂ ಹಾಗೇ, ‘ಮೆ ಗುಸ್ತಾ ಎಲ್ ಕಫೆ’, ‘ಮೆ ದುಎಲೆ ಲಾ ಕಾಬೆಥಾ’. ಅವನ ಮಾತು ಒಂದಕ್ಷರ ತಿಳಿಯದ ನನ್ನ ಹೆಂಡತಿ ಪೊರಕೆ ತರುತ್ತ, “ಇರ್ಲಿ ಬಿಡಿ, ಕೈಜಾರಿತು ಅಷ್ಟೆ” ಎಂದಳು. ನಾನು ಅನುವಾದಿಸಲು ಬಾಯಿ ತೆರೆದೆ. ಅವನು ಆಗಲೇ ತಲೆಯಾಡಿಸಿ ಚೂರು ಹೆಕ್ಕಲು ಕೂತಿದ್ದ. ಅದೇ ಲೋಟ ನನ್ನ ಕೈಯಿಂದ ಬಿದ್ದಿದ್ದರೆ ಅವಳು ಇಂಗ್ಲಿಷ್ ವ್ಯಾಕರಣವನ್ನೇ ಹಿಡಿಯುತ್ತಿದ್ದಳು ಎಂಬುದು ಬೇರೆ ಮಾತು.

ಚೀಟಿ ಸಂಜೆಯೊಳಗೆ ಆವಿಗೆ ನೆನೆದು ಉದುರಿತು. ಮಗಳಿಗೆ ಫೋನಿನಲ್ಲಿ ಹೇಳಿದರೆ, ಇಟಲಿಯವರ ‘ಕಾಲ್ದೊ’, ಫ್ರಾನ್ಸಿನವರ ‘ಶೋ’ ಎರಡೂ ಬಿಸಿಯೇ, ಎರಡಕ್ಕೂ ಮೊದಲ ಅಕ್ಷರ ಸಿ, ಅವರು ಬಂದರೂ ಇದೇ ಕತೆ ಎಂದಳು. ಹೆಂಡತಿ ಇದನ್ನೆಲ್ಲ ಕೇಳುತ್ತ ಒಂದೂ ಮಾತಾಡದೆ ಹಿತ್ತಲಿನ ಹಳೇ ಬಚ್ಚಲಿಗೆ ಹೋಗಿ, ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿ, ಕಾಫಿ ಗಿಡದ ಒಣಗಿದ ಬೊಡ್ಡೆಗಳನ್ನು ಒಲೆಗೆ ಒಟ್ಟಿದಳು. ಅರ್ಧ ಗಂಟೆಯಲ್ಲಿ ಹೊಗೆ ಮಾಡಿನ ಸಂದಿಯಿಂದ ಹೊರಟಿತು. ಊಮೊ.

ಅತಿಥಿ ಟವೆಲು ಹೆಗಲಿಗೆ ಹಾಕಿಕೊಂಡು ಬಂದು ಹಂಡೆಯ ಕಂಠದವರೆಗೆ ಕುದಿಯುವ ನೀರನ್ನು ಬಗ್ಗಿ ನೋಡಿದ. ಹೆಸರು ಕೇಳಿದ. “ಹಂಡೆ” ಎಂದೆ. ಹಕಾರ ನುಂಗಿ “ಅಂದೆ, ಅಂದೆ” ಎಂದು ಎರಡು ಸಲ ಹೇಳಿಕೊಂಡ. ಆಮೇಲೆ ಹುಬ್ಬು ಗಂಟಿಕ್ಕಿ, “ಎಲ್ ಅಂದೆ? ಲಾ ಅಂದೆ?” ಎಂದ. ಎಕಾರದಲ್ಲಿ ಮುಗಿಯುವ ಪದ ಅವರಿಗೂ ಕಷ್ಟ. ಕಾಫಿಯ ‘ಕಫೆ’ ಗಂಡು, ಹಾಲಿನ ‘ಲೆಚೆ’ ಹೆಣ್ಣು. ನಮ್ಮಲ್ಲಿ ಹಂಡೆ ‘ಅದು’ ಎಂದು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ. ಹೊಟ್ಟೆಯ ಆಕಾರ ನೋಡಿದರೆ ಹೆಣ್ಣಿರಬೇಕು ಎಂದು ಅವನು, ಮಸಿ ಮತ್ತು ಸದ್ದು ನೋಡಿದರೆ ಗಂಡೇ ಎಂದು ಅವನ ಹೆಂಡತಿ. ನಾನು ಎರಡೂ ಕಡೆಗೆ ತಲೆಯಾಡಿಸುತ್ತ ನಿಂತಿದ್ದೆ.

ಅಡಿಗೆಮನೆಯಿಂದ ಕೂಗು ಬಂತು. “ಎಂತ ಮಾರಾಯ್ರೆ, ಹಂಡೆ ಗಂಡೋ ಹೆಣ್ಣೋ ಆಮೇಲೆ ನೋಡುವ. ನೀರು ಆರ್ತದೆ, ಮೀಯ್ಲಿಕ್ಕೆ ಹೇಳಿ ಅವರಿಗೆ.”